ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ಗಡಿಯ ಮಕ್ಕಳಿಗೊಂದು ಪತ್ರ



ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರದ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತು ಬೆಳೆದ ಎಲ್ಲ ಮಕ್ಕಳಿಗೂ ಈ ಪತ್ರ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು, ಅದಕ್ಕೆ ಲಿನಕ್ಸ್ ಹಾಕಲೇ ಎಂದು ಕೇಳುತ್ತೀರಿ. ಒಬ್ಬೊಬ್ಬರಿಗೂ ನನ್ನ ಉತ್ತರ ಒಂದೇ: ಹಾಕು. ಆದರೆ ವಿಂಡೋಸ್ ಅಳಿಸಬೇಡ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಎಷ್ಟೋ ಹಳೆಯ ಯಂತ್ರಗಳಲ್ಲಿ ಇಲ್ಲ. ಗಟ್ಟಿಮುಟ್ಟಾದ ಯಂತ್ರ ಅಷ್ಟಕ್ಕೇ ಗುಜರಿಗೆ ಹೋಗಬೇಕೇ? ಲಿನಕ್ಸಿನ ಒಂದು ರೂಪವಾದ ಮಿಂಟ್ 2 ಜಿಬಿ ರ‍್ಯಾಮಿನಲ್ಲೂ ಏಳುತ್ತದೆ, 4 ಇದ್ದರೆ ಹಾಯಾಗಿ ನಡೆಯುತ್ತದೆ. ಲೈಸೆನ್ಸಿನ ದುಡ್ಡಿಲ್ಲ. ಕಳ್ಳ ಪ್ರತಿ ಹಾಕಿಸಿಕೊಂಡು ಅದರ ಜೊತೆ ವೈರಸ್ಸನ್ನೂ ಮನೆಗೆ ತರುವ ಗತಿ ಬರುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಭಾಷೆಯ ವಿಷಯ. ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಈಗ ಅಲ್ಲಿ ಶಾಲೆಯ ಭಾಷೆ ಮರಾಠಿ, ಕನ್ನಡ ಎಷ್ಟೋ ಮನೆಗಳಲ್ಲಿ ಬಾಯಿಮಾತಾಗಿ ಉಳಿದಿದೆ. ಆ ಬಾಯಿಮಾತನ್ನು ಕಂಪ್ಯೂಟರಿನಲ್ಲಿ ಬರಹಕ್ಕೆ ತರುವುದು ಕಷ್ಟವಲ್ಲ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಮರಾಠಿಯ ‘ಕ’ ಬೀಳುವ ಕೀಲಿಯಲ್ಲೇ ಕನ್ನಡದ ‘ಕ’ ಕೂಡ ಬೀಳುತ್ತದೆ, ಮಿಕ್ಕ ಅಕ್ಷರಗಳೂ ಹೆಚ್ಚುಕಡಿಮೆ ಹಾಗೆಯೇ. ಒಂದು ಭಾಷೆಗೆ ಪಳಗಿದ ಬೆರಳು ಎರಡಕ್ಕೂ ಬರುತ್ತದೆ. ವಿಂಡೋಸ್‌ನಲ್ಲೂ ಈ ಅನುಕೂಲ ಇದೆ. ಆದರೆ ಲಿನಕ್ಸ್‌ನಲ್ಲಿ ಮೆನುವಿನ ಕನ್ನಡ ತಪ್ಪಿದ್ದರೆ, ಅನುವಾದವೇ ಆಗಿರದಿದ್ದರೆ, ತಿದ್ದುವ ಹಕ್ಕು ನಿನಗೂ ಇದೆ. ಅಲ್ಲಿನ ಕನ್ನಡವೆಲ್ಲ ಸ್ವಯಂಸೇವಕರು, ಕೆಲವು ಕಂಪನಿಗಳ ಅನುವಾದಕರು ಕೂತು ಮಾಡಿದ್ದು. ಇನ್ನೂ ಬಹಳಷ್ಟು ಬಾಕಿ ಇದೆ.

ಇನ್ನು ತೊಂದರೆಗಳು. ಮಹಾರಾಷ್ಟ್ರದ ಎಂಎಸ್-ಸಿಐಟಿ ಕಂಪ್ಯೂಟರ್ ಕೋರ್ಸಿನಲ್ಲಿ ಕಲಿಸುವುದು ವಿಂಡೋಸ್ ಮತ್ತು ಎಂಎಸ್ ಆಫೀಸ್. ಅಲ್ಲಿನ ಎಷ್ಟೋ ಸರಕಾರಿ ನೌಕರಿಗಳಿಗೆ ಅದು ಅಥವಾ ಅದಕ್ಕೆ ಸಮನಾದ ಕೋರ್ಸ್ ಬೇಕು. ಲಿಬ್ರೆ ಆಫೀಸಿನಲ್ಲಿ ಪತ್ರ, ಲೆಕ್ಕ ಎಲ್ಲ ಆಗುತ್ತದೆ, ಮೆನುಗಳ ಜಾಗ ಮಾತ್ರ ಬೇರೆ. ಡಿಟಿಪಿ ಕೆಲಸಕ್ಕೆ ಸೇರುವವರಿಗೆ ಶ್ರೀಲಿಪಿ, ಪೇಜ್‌ಮೇಕರ್, ಕೋರೆಲ್‌ಡ್ರಾ ಬೇಕು, ಅವು ಹೆಚ್ಚಾಗಿ ವಿಂಡೋಸಿನಲ್ಲೇ ನಡೆಯುವಂಥವು. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಕಡತಗಳನ್ನು ತೆರೆದರೆ ಅಕ್ಷರ ಕಲಸಿಹೋಗಿರುತ್ತದೆ, ಪರಿವರ್ತಿಸಿಕೊಳ್ಳಬೇಕು. ಕೆಲವು ಪ್ರಿಂಟರ್, ಕೆಲವು ವೈ-ಫೈ ಚಿಪ್ ಸುಲಭಕ್ಕೆ ಮಣಿಯುವುದಿಲ್ಲ. ಆಗ ರಿಪೇರಿ ಅಂಗಡಿಯವರು ಲಿನಕ್ಸ್ ಮುಟ್ಟದೆ ವಾಪಸ್ ಕಳಿಸಬಹುದು. ನೀನೇ ಹುಡುಕಿ, ಓದಿ ಸರಿಮಾಡಿಕೊಳ್ಳಬೇಕು, ಅದಕ್ಕೆ ಸಮಯ ಹೋಗುತ್ತದೆ. ಪರೀಕ್ಷೆಯ ವರ್ಷದಲ್ಲಿ ಆ ಸಮಯ ಸಣ್ಣದಲ್ಲ.

ಹಾಗೆಂದು ಹೆದರಬೇಡ. ನಮ್ಮ ಹಾಗೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯ ಕಂಪ್ಯೂಟರ್ ಪಾಠ ಕಲಿಯುವುದೇ ಲಿನಕ್ಸಿನಲ್ಲಿ. ಕೇರಳ ಸರಕಾರದ ‘ಕೈಟ್’ ಸಂಸ್ಥೆ ಉಬುಂಟು ಎಂಬ ಲಿನಕ್ಸಿನ ಆಧಾರದ ಮೇಲೆ ಶಾಲೆಗಳ ಆವೃತ್ತಿಯನ್ನು ಸಿದ್ಧಪಡಿಸುತ್ತದೆ, ಪಾಠಪುಸ್ತಕ ಕನ್ನಡದಲ್ಲೂ ಬರುತ್ತದೆ. ಮಹಾರಾಷ್ಟ್ರದಲ್ಲೂ ಹೀಗಾಗಲಿ ಎಂಬುದು ನನ್ನ ಆಸೆ.

ಮೊದಲು ಫೋಟೊ, ಸರ್ಟಿಫಿಕೇಟುಗಳ ಪ್ರತಿಯನ್ನು ಬೇರೆ ಕಡೆ ಇಟ್ಟುಕೋ. ಆಮೇಲೆ ಪೆನ್‌ಡ್ರೈವಿನಿಂದಲೇ ಮಿಂಟ್ ಚಾಲೂ ಮಾಡಿ ವೈ-ಫೈ, ಧ್ವನಿ, ಪ್ರಿಂಟರ್ ನೋಡು. ಎಲ್ಲ ಸರಿ ಎನಿಸಿದರೆ ವಿಂಡೋಸಿನ ಪಕ್ಕದಲ್ಲೇ ಇನ್‌ಸ್ಟಾಲ್ ಮಾಡು. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂದು ನನಗೆ ಬರೆದು ತಿಳಿಸು, ಕನ್ನಡದಲ್ಲಿ.

ನಿನ್ನ ಕಾಕಾ