ಇ-ಮೇಲ್ ಟಪಾಲನ್ನು ಮನೆಗೆ ತರುವ ಬಗೆ

ಪೋಸ್ಟಿನಲ್ಲಿ ಪೆಟ್ಟಿಗೆ ಹಿಡಿದವರು ಬೀಗದ ಕೈ ತೆಗೆದುಕೊಂಡು ತಾವೇ ಹೋಗಿ ಕಾಗದ ತರಬೇಕಷ್ಟೆ. ಇ-ಮೇಲಿನ ವ್ಯವಸ್ಥೆಯೂ ಇಂಥದೇ. ನಮಗೆ ಬಂದ ಪತ್ರ ಕಂಪನಿಯ ಸರ್ವರಿನಲ್ಲಿ ಇರುವುದು; ಮೊಬೈಲಿನಲ್ಲಿ ನಾವು ಅದನ್ನು ಅಲ್ಲಿಯೇ ನೋಡಿ ಬರುತ್ತೇವೆ. ಜಿಮೇಲಿನಲ್ಲಿ ಪುಕ್ಕಟೆ ಸಿಗುವ ಜಾಗ ಸಾಮಾನ್ಯವಾಗಿ 15 ಜಿ.ಬಿ.; ಅದು ತುಂಬಿದರೆ ಹೊಸ ಪತ್ರ ಬರುವುದು ನಿಲ್ಲುವುದು. 2 ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನೂ ಗೂಗಲ್ 2023ರಲ್ಲಿ ತಂದಿದೆ. ನೌಕರಿಯ ಆರ್ಡರು, ಪಿ.ಎಫ್. ಕಾಗದ, ಊರಿಂದ ತಂದೆಯವರು ಬರೆದ ನಾಲ್ಕು ಸಾಲು, ಇವುಗಳ ಒಂದೇ ಪ್ರತಿ ಪರರ ಮನೆಯಲ್ಲಿರುವುದು ಲೇಸಲ್ಲ.

ಐ.ಟಿ. ಪಾರ್ಕುಗಳ ನಮ್ಮ ಖರಾಡಿಯಲ್ಲಿ ಮೂಲೆ ಸೇರಿದ ಹಳೆಯ ಕಂಪ್ಯೂಟರಿಗೇನು ಬರವಿಲ್ಲ. ಅದಕ್ಕೆ ಯುನಿಕ್ಸ್ ಜಾತಿಯ ಲಿನಕ್ಸ್ ಹಾಕಿರಿ. ಡೆಬಿಯನ್ ಪುಕ್ಕಟೆ ದೊರೆಯುವುದು. ಪುಣೆಯಲ್ಲಿ ಮುಖ್ಯ ಕಚೇರಿಯುಳ್ಳ ಸಿ-ಡ್ಯಾಕ್ ಸಂಸ್ಥೆಯ ‘ಬಾಸ್’ ಕೂಡ ಡೆಬಿಯನ್ನನ್ನೇ ಆಧರಿಸಿದುದು. ಪತ್ರ ತರುವ ಆಳು ‘ಫೆಚ್‌ಮೇಲ್’. ಎರಿಕ್ ರೇಮಂಡ್ ಎಂಬವರು 1996ರಲ್ಲಿ ಇದನ್ನು ಹೊರತಂದರು. ತಂದುದನ್ನು ಮನೆಯೊಳಗಿನ ಪೆಟ್ಟಿಗೆಗೆ ಹಾಕಲು ‘ಪೋಸ್ಟ್‌ಫಿಕ್ಸ್’, ಓದಲು ‘ಮಟ್’ ಬೇಕು. ಮೂರನ್ನೂ ‘ಆಪ್ಟ್’ ಆಜ್ಞೆಯಿಂದ ಪಡೆಯಬಹುದು. ಪೋಸ್ಟ್‌ಫಿಕ್ಸ್ ಕೇಳಿದಾಗ ‘ಲೋಕಲ್ ಓನ್ಲಿ’ ಎಂಬುದನ್ನು ಆರಿಸಿರಿ.

ಮುಂದಿನ ಕ್ರಮ ಹೀಗಿದೆ:

1. ಜಿಮೇಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯನ್ನು ಜಾರಿ ಮಾಡಿ, 16 ಅಕ್ಷರಗಳ ‘ಆಪ್ ಪಾಸ್‌ವರ್ಡ್’ ಪಡೆಯಿರಿ. ನಿತ್ಯದ ಪಾಸ್‌ವರ್ಡ್ ಇಲ್ಲಿ ನಡೆಯದು.

2. ನಿಮ್ಮ ಹೋಮ್ ಫೋಲ್ಡರಿನಲ್ಲಿ ‘ಫೆಚ್‌ಮೇಲ್‌ಆರ್‌ಸಿ’ ಕಡತ ತೆರೆಯಿರಿ. ಹೆಸರಿನ ಮುಂಚೆ ಒಂದು ಚುಕ್ಕೆ ಇರಬೇಕು. ಅದರಲ್ಲಿ ‘ಪೋಲ್’ ಎಂದು ಬರೆದು ಸರ್ವರಿನ ಹೆಸರು, ಆ ಮೇಲೆ ಕ್ರಮವಾಗಿ ಪ್ರೋಟೊಕಾಲ್ ಐಮ್ಯಾಪ್, ಯೂಸರ್, ಪಾಸ್‌ವರ್ಡ್, ಎಸ್‌ಎಸ್‌ಎಲ್, ಕೊನೆಗೆ ‘ಕೀಪ್’. ಇವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿಯೇ ಇರತಕ್ಕದ್ದು.

3. ಪಾಸ್‌ವರ್ಡ್ ಅನ್ಯರ ಕಣ್ಣಿಗೆ ಬೀಳದಂತೆ ಕಡತಕ್ಕೆ ‘ಚ್‌ಮಾಡ್ 600’ ಆಜ್ಞೆ ಕೊಡಿರಿ. ಕಡತ ಇತರರಿಗೆ ತೆರೆದಿದ್ದರೆ ಫೆಚ್‌ಮೇಲ್ ಕೆಲಸಕ್ಕೆ ಒಪ್ಪುವುದೇ ಇಲ್ಲ.

4. ಮೊದಲು ‘ಚೆಕ್’ ಸೂಚನೆಯೊಡನೆ ಓಡಿಸಿರಿ. ಪತ್ರ ತಾರದೆ ಲೆಕ್ಕವನ್ನಷ್ಟೇ ಹೇಳುವುದು. ಸರಿಯಿದ್ದರೆ ‘ಆಲ್’ ಸೂಚನೆಯಿಂದ ಒಮ್ಮೆ ಹಳೆಯವನ್ನೆಲ್ಲ ತರಿಸಿರಿ.

5. ಬಳಿಕ ‘ಸೆಟ್ ಡೀಮನ್ 900’ ಎಂಬ ಸಾಲನ್ನು ಕಡತದ ಮೊದಲಿಗೆ ಸೇರಿಸಿದರೆ, ಆಳು 15 ನಿಮಿಷಕ್ಕೊಮ್ಮೆ ತಾನೇ ಹೋಗಿ ಬರುವನು.

‘ಕೀಪ್’ ಎಂಬ ಒಂದು ಶಬ್ದವನ್ನು ಮಾತ್ರ ಯಾರೂ ಮರೆಯಬಾರದು. ಅದಿಲ್ಲದಿದ್ದರೆ ಫೆಚ್‌ಮೇಲ್ ಪತ್ರವನ್ನು ಮನೆಗೆ ತಲುಪಿಸಿದ ಕೂಡಲೆ ಸರ್ವರಿನಿಂದ ತೆಗೆದುಹಾಕುವುದು; ಮನೆಯ ಡಿಸ್ಕು ಕೆಟ್ಟರೆ ಎರಡೂ ಕಡೆ ಬರಿದು. ಇನ್ನೊಂದು ಮಾತು: ಮೊಬೈಲಿನಲ್ಲಿ ಮೊದಲೇ ತೆರೆದ ಪತ್ರವನ್ನು ಅದು ಓದಿದ್ದೆಂದು ಬಗೆದು ಬಿಟ್ಟುಬರುವುದು. ಆದುದರಿಂದ ತಿಂಗಳಿಗೊಮ್ಮೆ ‘ಆಲ್’ ಸೂಚನೆ ಕೊಡುವುದು ಒಳ್ಳೆಯದು. ಕೆಲವು ಪತ್ರ ಎರಡೆರಡು ಬಂದಾವು, ಬರಲಿ. ಆ ದಿನವೇ ಮನೆಯ ಪೆಟ್ಟಿಗೆಯನ್ನು ಒಂದು ಪೆನ್‌ಡ್ರೈವಿಗೂ ನಕಲು ಮಾಡಿ, ಮಟ್‌ನಲ್ಲಿ ತೆರೆದು ನೋಡಿ, ಕಪಾಟಿನಲ್ಲಿಡಿರಿ.