ದೊಡ್ಡ ಕೋರ್ಟಿನ ಖಾಲಿ ಕುರ್ಚಿ



ಹೊಲದ ಬದುವಿನ ಜಗಳ ಬಂತು ಅನ್ನಿ. ಊರ ಕಟ್ಟೆಯಲ್ಲಿ ನ್ಯಾಯ ಹೇಳಲು ಒಬ್ಬರು ಕೂರಬೇಕು. ಎದುರಿನವರು "ನಮ್ಮ ಮಾವನೇ ಕೂರಲಿ" ಅನ್ನುತ್ತಾರೆ. ನೀವು ಒಪ್ಪುತ್ತೀರಾ? ಒಪ್ಪುವುದಿಲ್ಲ. ನ್ಯಾಯ ಹೇಳುವವರು ಯಾರು ಅಂತ ಮೊದಲು ನೋಡುತ್ತೀರಿ.

ಅಮೆರಿಕ ದೇಶದಲ್ಲಿ ಇಂಥದೇ ಜಗಳ ಬಹಳ ವರ್ಷದಿಂದ ನಡೆದಿದೆ. ಅದು ಬದುವಿನ ಜಗಳ ಅಲ್ಲ. ದೇಶದ ಎಲ್ಲಕ್ಕಿಂತ ದೊಡ್ಡ ಕೋರ್ಟಿಗೆ ಜಡ್ಜಿ ಯಾರಾಗಬೇಕು ಅನ್ನುವ ಜಗಳ.

ಆ ಕೋರ್ಟಿಗೂ ಸುಪ್ರೀಂ ಕೋರ್ಟ್ ಅಂತಲೇ ಹೆಸರು. ಅಲ್ಲಿ 9 ಜನ ನ್ಯಾಯಾಧೀಶರು. ನಮ್ಮ ಸುಪ್ರೀಂ ಕೋರ್ಟಿನಲ್ಲಿ 65 ವರ್ಷಕ್ಕೆ ನಿವೃತ್ತಿ. ಅಲ್ಲಿ ವಯಸ್ಸಿನ ಮಿತಿ ಇಲ್ಲ. ಬೇಕಾದರೆ ಸಾಯುವ ತನಕ ಇರಬಹುದು. ಅದಕ್ಕೇ ಒಂದು ಕುರ್ಚಿ ಖಾಲಿಯಾದರೆ ಎರಡೂ ಪಕ್ಷದವರಿಗೆ ನಿದ್ದೆ ಬರುವುದಿಲ್ಲ.

ಹೆಸರು ಸೂಚಿಸುವವರು ದೇಶದ ಅಧ್ಯಕ್ಷರು. ಆದರೆ ಅವರೊಬ್ಬರೇ ಹೇಳಿದರೆ ಸಾಲದು. ಸೆನೆಟ್ ಎಂಬ ಸಭೆ ಒಪ್ಪಬೇಕು. 50 ರಾಜ್ಯಗಳು, ರಾಜ್ಯಕ್ಕೆ ಇಬ್ಬರು, ಒಟ್ಟು 100 ಸದಸ್ಯರು. ಅವರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ದೊಡ್ಡ ಪಕ್ಷಗಳು ಎರಡು. ಒಂದು ಡೆಮಾಕ್ರಟಿಕ್ ಪಕ್ಷ, ಇನ್ನೊಂದು ರಿಪಬ್ಲಿಕನ್ ಪಕ್ಷ.

ರೂತ್ ಬೇಡರ್ ಗಿನ್ಸ್‌ಬರ್ಗ್ ಎಂಬ ಹೆಣ್ಣುಮಗಳ ಕಥೆ ಕೇಳಿ. ಕಾನೂನು ಓದಿ ಒಳ್ಳೆಯ ಅಂಕದಲ್ಲಿ ಪಾಸಾದರು. ಆದರೂ ಹೆಂಗಸು, ಮಗುವಿನ ತಾಯಿ ಅಂತ ಕೆಲಸ ಸಿಗುವುದೇ ಕಷ್ಟವಾಯಿತು. ಮುಂದೆ ಅವರೇ ವಕೀಲರಾಗಿ, ಗಂಡಿಗೊಂದು ಹೆಣ್ಣಿಗೊಂದು ಮಾಡುವ ಕಾನೂನುಗಳ ವಿರುದ್ಧ ಸುಪ್ರೀಂ ಕೋರ್ಟಿನಲ್ಲೇ ವಾದ ಮಾಡಿದರು. 1993ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಕ್ಲಿಂಟನ್ ಇವರ ಹೆಸರು ಸೂಚಿಸಿದರು. ಮಗು ಬೇಕೋ ಬೇಡವೋ ಅನ್ನುವ ತೀರ್ಮಾನ ಹೆಂಗಸಿನದು ಎಂದು ಸೆನೆಟ್ ಮುಂದೆ ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಈ ಮಾತನ್ನು ಒಪ್ಪದವರು ಬಹಳ ಜನ ಇದ್ದರು. ಆದರೂ ಪರವಾಗಿ 96 ಓಟು ಬಿತ್ತು. ವಿರುದ್ಧ ಬರೀ 3. ಎದುರು ಪಕ್ಷದವರೂ "ಈಕೆ ಯೋಗ್ಯಳು" ಅಂತ ಕೈ ಎತ್ತಿದ ಹಾಗಾಯಿತು.

ಅದಕ್ಕೆ ಮೊದಲು ಜಗಳವೇ ಇರಲಿಲ್ಲ ಅಂತಲ್ಲ. 1987ರಲ್ಲಿ ರಾಬರ್ಟ್ ಬೋರ್ಕ್ ಎಂಬುವರ ಹೆಸರನ್ನು ಸೆನೆಟ್ ತಳ್ಳಿಹಾಕಿತ್ತು. ಆದರೆ ಆಮೇಲೆ ಆಮೇಲೆ ಜಗಳ ಹೆಚ್ಚಾಯಿತು.

2016ರ ಫೆಬ್ರವರಿಯಲ್ಲಿ ಒಬ್ಬ ಜಡ್ಜಿ ತೀರಿಕೊಂಡರು. ಆಗ ಒಬಾಮಾ ಅಧ್ಯಕ್ಷರು, ಡೆಮಾಕ್ರಟಿಕ್ ಪಕ್ಷ. ಮಾರ್ಚಿಯಲ್ಲಿ ಮೆರಿಕ್ ಗಾರ್ಲೆಂಡ್ ಎಂಬುವರ ಹೆಸರು ಕಳಿಸಿದರು. ಸೆನೆಟ್‌ನಲ್ಲಿ ರಿಪಬ್ಲಿಕನ್ನರೇ ಹೆಚ್ಚು. ಅವರ ನಾಯಕ ಮಿಚ್ ಮೆಕಾನೆಲ್, ಈ ವರ್ಷ ಚುನಾವಣೆ ಇದೆ, ಜನರೇ ತೀರ್ಮಾನ ಮಾಡಲಿ ಎಂದರು. ಗಾರ್ಲೆಂಡರನ್ನು ಕರೆದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಓಟಿಗೂ ಹಾಕಲಿಲ್ಲ. ಕುರ್ಚಿ ಒಂದು ವರ್ಷಕ್ಕೂ ಹೆಚ್ಚು ಖಾಲಿ ಇತ್ತು. ಆ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಗೆದ್ದರು. ಕುರ್ಚಿ ಅವರು ಆರಿಸಿದವರಿಗೆ ಹೋಯಿತು.

ಈಗ 2020. ಸೆಪ್ಟೆಂಬರ್ 18ರಂದು ಗಿನ್ಸ್‌ಬರ್ಗ್ ತೀರಿಕೊಂಡರು. ಅವರಿಗೆ 87 ವರ್ಷ. ಚುನಾವಣೆ ನವೆಂಬರ್ 3ಕ್ಕೆ. ನಾಲ್ಕು ವರ್ಷದ ಹಿಂದಿನ ಮಾತಿನಂತೆ ಕಾಯಬೇಕಿತ್ತು ಅಲ್ವಾ? ಕಾಯಲಿಲ್ಲ. ಈ ಸಲ ಅಧ್ಯಕ್ಷರೂ ಸೆನೆಟ್ಟೂ ಒಂದೇ ಪಕ್ಷ, ಅದಕ್ಕೇ ಇದು ಬೇರೆ ಎಂದರು. ಚುನಾವಣೆಗೆ 8 ದಿನ ಇರುವಾಗ ಏಮಿ ಕೋನಿ ಬ್ಯಾರೆಟ್ ಎಂಬುವರನ್ನು ಒಪ್ಪಿದರು. ಪರ 52, ವಿರುದ್ಧ 48. ಡೆಮಾಕ್ರಟಿಕ್ ಪಕ್ಷದ ಒಂದೇ ಒಂದು ಓಟೂ ಅವರಿಗೆ ಬೀಳಲಿಲ್ಲ. ಇವರೂ ಹೆಂಗಸೇ, ಕಾನೂನು ಕಲಿಸಿದ ಮೇಡಂ. ಯೋಗ್ಯತೆ ಇತ್ತು. ಆದರೆ ಯೋಗ್ಯತೆ ಯಾರಿಗೆ ಬೇಕಿತ್ತು? ಎರಡೂ ಕಡೆಯವರು ತಲೆ ಎಣಿಸಿದರು ಅಷ್ಟೆ.

ಒಂದೇ ಪಕ್ಷದ ಮೇಲೆ ತಪ್ಪು ಹೊರಿಸಿದರೂ ಆಗದು. ಓಟಿಗೆ ಹಾಕುವ ಮೊದಲು ಚರ್ಚೆ ನಿಲ್ಲಿಸಲು 60 ಜನರ ಒಪ್ಪಿಗೆ ಬೇಕು ಅಂತ ಒಂದು ನಿಯಮ ಇತ್ತು. ಕೆಳಗಿನ ಕೋರ್ಟಿನ ಜಡ್ಜಿಗಳ ವಿಷಯದಲ್ಲಿ 2013ರಲ್ಲಿ ಅದನ್ನು ತೆಗೆದವರು ಡೆಮಾಕ್ರಟಿಕ್ ಪಕ್ಷದವರು. 2017ರಲ್ಲಿ ಸುಪ್ರೀಂ ಕೋರ್ಟಿಗೂ ತೆಗೆದವರು ರಿಪಬ್ಲಿಕನ್ನರು. ಅಲ್ಲಿಂದ ಎದುರು ಪಕ್ಷವನ್ನು ಒಪ್ಪಿಸುವ ಗರಜೇ ಉಳಿಯಲಿಲ್ಲ.

ಇದರಿಂದ ಹೆಂಗಸರಿಗೇನು ಅಂತ ಕೇಳುತ್ತೀರಿ. ಗರ್ಭಪಾತ ಮಾಡಿಸಿಕೊಳ್ಳುವ ಹಕ್ಕು ಹೆಂಗಸಿಗೆ ಇದೆ ಎಂದು 1973ರಲ್ಲಿ ಆ ಕೋರ್ಟು ಹೇಳಿತ್ತು. 2022ರ ಜೂನ್ 24ರಂದು ಅದೇ ಕೋರ್ಟು ಆ ತೀರ್ಪನ್ನು ಕಿತ್ತುಹಾಕಿತು. ಹಾಗೆ ಮಾಡಿದ 5 ಜಡ್ಜಿಗಳಲ್ಲಿ 3 ಜನ ಟ್ರಂಪ್ ಕಾಲದಲ್ಲಿ ಬಂದವರು. ಆಮೇಲೆ ಹಲವು ರಾಜ್ಯಗಳು ಗರ್ಭಪಾತ ನಿಷೇಧಿಸಿದವು. ಅಲ್ಲಿಯ ಹೆಂಗಸರು ಡಾಕ್ಟರನ್ನು ಹುಡುಕಿ ಬೇರೆ ರಾಜ್ಯಕ್ಕೆ ಹೋಗಬೇಕಾಯಿತು. ಬಸ್ ಚಾರ್ಜಿಗೆ ಕಾಸಿಲ್ಲದವಳ ಗತಿ ಏನು, ನೀವೇ ಯೋಚಿಸಿ. ಗರ್ಭಪಾತ ಸರಿಯೋ ತಪ್ಪೋ, ನಿಮ್ಮಲ್ಲೇ ಎರಡು ಮಾತು ಇರಬಹುದು. ಆದರೆ 50 ವರ್ಷದ ಹಕ್ಕು ಹೋದದ್ದು ಕುರ್ಚಿಗಳ ಎಣಿಕೆಯಿಂದ.

ನಮ್ಮಲ್ಲಿ ಎಂಪಿಗಳು ಜಡ್ಜಿಗೆ ಓಟು ಹಾಕುವುದಿಲ್ಲ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು 4 ಹಿರಿಯ ನ್ಯಾಯಮೂರ್ತಿಗಳು ಕೂತು ಹೆಸರು ಆರಿಸುತ್ತಾರೆ. ನೇಮಕ ಮಾಡುವವರು ರಾಷ್ಟ್ರಪತಿ. ಮೊದಲು ಸರ್ಕಾರದ ಕೈ ಮೇಲಿತ್ತು. 1973ರಲ್ಲಿ ಮೂವರು ಹಿರಿಯರನ್ನು ಬಿಟ್ಟು, ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಆ ಮೂವರು ರಾಜೀನಾಮೆ ಕೊಟ್ಟರು. ಅವರಲ್ಲಿ ಒಬ್ಬರು ನಮ್ಮ ಕರಾವಳಿಯ ಕೆ. ಎಸ್. ಹೆಗ್ಡೆ. ಈಗಿನ ಪದ್ಧತಿ 1993ರ ತೀರ್ಪಿನಿಂದ ಬಂದದ್ದು. ಇದರ ಮೇಲೂ ದೂರಿದೆ. ಯಾರನ್ನು ಯಾಕೆ ಆರಿಸಿದರು ಅಂತ ಜನರಿಗೆ ಸರಿಯಾಗಿ ತಿಳಿಯುವುದಿಲ್ಲ. ಎಲ್ಲರೂ ನೋಡುವಂತೆ ಪ್ರಶ್ನೆ ಕೇಳುವ ಅಮೆರಿಕದ ಪದ್ಧತಿ ನಮಗೆ ಹಿಡಿಸುತ್ತದೆ. ಪಕ್ಷದ ತಲೆ ಎಣಿಕೆ ಮಾತ್ರ ಬೇಡ.

ಓದಿದ ಮೇಲೆ ಕೂತು ಮಾತಾಡಿ:

96ಕ್ಕೆ 3 ಕೂಡಿ. 52ಕ್ಕೆ 48 ಕೂಡಿ. ಯಾವ ಸಲ ಒಬ್ಬರು ಓಟು ಹಾಕಲಿಲ್ಲ?

2016ರಲ್ಲಿ ಏನು ಹೇಳಿದರು, 2020ರಲ್ಲಿ ಏನು ಮಾಡಿದರು? ಓದಿ ತೋರಿಸಿ.

ಜಡ್ಜಿಯನ್ನು ಯಾರು ಆರಿಸಬೇಕು? ಸರ್ಕಾರವೋ, ಜಡ್ಜಿಗಳೋ, ಓಟಿನಲ್ಲಿ ಗೆದ್ದವರೋ? ನಿಮಗೆ ತೋಚಿದ್ದನ್ನು ಎರಡು ಸಾಲು ಬರೆಯಿರಿ.