ದೇವರ ನಾಮಕ್ಕೆ ನಮ್ಮಿಂದಾಗುವ ಅಗೌರವ

ನಮ್ಮ ವಿಶ್ವಾಸಕ್ಕೆ ಅಗೌರವ ಮಾಡುವವರು ಯಾರೆಂದು ಕೇಳಿದರೆ ನಾವು ಹಾಸ್ಯಮಾಡುವ ಹೊರಗಿನವರ ಕಡೆಗೇ ಕೈ ತೋರಿಸುತ್ತೇವೆ. ಸಭೆಯೊಳಗೆ ಅಗೌರವವೆಂದರೆ ದೇವಾಲಯಕ್ಕೆ ಕೆರ ಮೆಟ್ಟಿಕೊಂಡು ಬರುವುದು, ಪ್ರಸಂಗದ ಹೊತ್ತಿನಲ್ಲಿ ತೂಕಡಿಸುವುದು, ಸತ್ಯವೇದವನ್ನು ನೆಲದ ಮೇಲಿಡುವುದು, ಇಷ್ಟೇ ಎಂದು ತಿಳಿದವರು ಬಹಳ ಮಂದಿ. ಇವು ತಕ್ಕ ನಡತೆಗಳಲ್ಲವೆಂಬದು ನಿಜ. ಆದರೆ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ಧರ್ಮಶಾಸ್ತ್ರ ಬಲ್ಲೆವೆಂದು ಹಿಗ್ಗುವವರನ್ನು ಗದರಿಸುವಾಗ ಇಂಥವುಗಳನ್ನು ಎತ್ತುವುದೇ ಇಲ್ಲ. ಕಳವನ್ನೂ ವ್ಯಭಿಚಾರವನ್ನೂ ಎತ್ತುತ್ತಾನೆ. ಬೋಧಿಸಿ ನಡೆಯದವನ ದೆಸೆಯಿಂದಲೇ ಹೊರಗಿನವರಲ್ಲಿ ದೇವರಿಗೆ ಕೆಟ್ಟ ಹೆಸರು ಬರುತ್ತದೆಂಬದು ಅವನ ಮಾತಿನ ತಾತ್ಪರ್ಯ.

ಮಾರಿಕಣಿವೆಯ ಸೀಮೆಯಲ್ಲಿ ಕಳವೆಂದಾಗ ಮೊದಲು ನೀರನ್ನು ನೆನಸಬೇಕು. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ತೊಡಗಿ 1907ರಲ್ಲಿ ಮುಗಿಸಿದ ಕಟ್ಟೆಯು ಇಂದಿಗೂ ಗಟ್ಟಿಯಾಗಿ ನಿಂತಿದೆ, ಕೊರತೆಯಾದದ್ದು ಮಳೆಗೆ. 1933ರಲ್ಲಿ ಕೋಡಿ ಹರಿದ ಮೇಲೆ ತಿರುಗಿ ಕೋಡಿ ಹರಿದದ್ದು 2022ರಲ್ಲಿ, ಅಂದರೆ 89 ವರ್ಷಗಳ ತರುವಾಯ. ಇಂಥ ಸೀಮೆಯ ರೈತನಿಗೆ ನೀರಿನ ಸರದಿಯೆಂದರೆ ಮಕ್ಕಳ ಅನ್ನ. ಕ್ರೈಸ್ತನೊಬ್ಬನು ನಡುರಾತ್ರಿಯಲ್ಲಿ ಗುದ್ದಲಿ ಹಿಡಿದು ಹೋಗಿ, ಪಕ್ಕದ ಹೊಲಕ್ಕೆ ಹರಿಯುವ ನೀರಿಗೆ ಮಣ್ಣು ಹಾಕಿ ತನ್ನ ತೋಟಕ್ಕೆ ತಿರುಗಿಸಿಕೊಂಡನೆಂದು ಇಟ್ಟುಕೊಳ್ಳೋಣ. ಬೆಳಗ್ಗೆ ಒಣ ಪಾತಿಯನ್ನು ಕಂಡ ಪಕ್ಕದವನು ಏನನ್ನುವನು? ಇಂಥವನ ಮಗ ಇಂಥವನು ಕದ್ದನೆಂದು ಅನ್ನುವುದಿಲ್ಲ. "ಯೇಸುವಿನವರು ಕದ್ದರು" ಎನ್ನುತ್ತಾನೆ. ಊರಿನಲ್ಲಿ ನಾವು ನಾಲ್ಕೈದು ಮನೆಯವರಾದ ಕಾರಣ ಹೀಗೆಯೇ ಆಗುವುದು; ಇದು ಅನ್ಯಾಯವೆಂದು ಗೊಣಗಿ ಪ್ರಯೋಜನವಿಲ್ಲ. ಭಾನುವಾರ ಅವನು ಒಗೆದ ಬಟ್ಟೆಯುಟ್ಟು, ಸತ್ಯವೇದವನ್ನು ಕಂಕುಳಲ್ಲಿಟ್ಟುಕೊಂಡು ಆರಾಧನೆಗೆ ಹೋಗುವುದನ್ನು ಅದೇ ಪಕ್ಕದವನು ಬದುವಿನ ಮೇಲೆ ನಿಂತು ನೋಡುತ್ತಿರುತ್ತಾನಲ್ಲಾ! ಆ ಮನೆಗೆ ಉಪದೇಶಿಯು ಸುವಾರ್ತೆಯನ್ನು ಯಾವ ಮುಖದಿಂದ ಹೇಳಲಿ?

ಸಂತೆಯಲ್ಲಿಯೂ ಹೀಗೆಯೇ. ತೆಂಗಿನಕಾಯಿಯ ರಾಶಿಯ ನಡುವೆ ಒಡಕು ಕಾಯಿ ತೂರಿಸುವವನೂ, ಕೊಳ್ಳುವುದಕ್ಕೆ ಒಂದು ಕಲ್ಲು ಮಾರುವುದಕ್ಕೆ ಇನ್ನೊಂದು ಕಲ್ಲು ಇಟ್ಟುಕೊಳ್ಳುವವನೂ ಧರ್ಮೋಪದೇಶಕಾಂಡದ ಇಪ್ಪತ್ತೈದನೆಯ ಅಧ್ಯಾಯವನ್ನು ಓದಲಿ. ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವಿವರಿಸಬೇಕಾದದ್ದು ಪಂಕ್ತಿಯ ಸಂಗತಿ. ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗೊಂಡವರು, ಮನೆಗೆ ಹೋದ ಮೇಲೆ ಇಂಥ ಸಹೋದರನಿಗೆ ಬೇರೆ ಲೋಟ, ಇಂಥವರಿಗೆ ಹೊರಜಗಲಿ ಎಂದು ಎಣಿಸುವುದುಂಟು. ಹೆಣ್ಣು ಕೊಡುವ ಮಾತು ಬಂದರೆ ದೀಕ್ಷಾಸ್ನಾನಕ್ಕೆ ಮುಂಚಿನ ಜಾತಿಯನ್ನು ಕೆದಕುವುದೂ ಉಂಟು. ಈ ರೋಗ ಹಳೆಯದು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನನು ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಕ್ರೈಸ್ತರೊಳಗೆ ಜಾತಿಭೇದವು ಸಂಪೂರ್ಣವಾಗಿ ನಿಲ್ಲಬೇಕೆಂದು ವಿಧಿಸಿದನು. ಆಗ ತಂಜಾವೂರಿನ ಕಡೆಯಲ್ಲಿ ಅನೇಕರು ಜಾತಿಯನ್ನು ಬಿಡಲೊಲ್ಲದೆ ಸಭೆಯನ್ನೇ ಬಿಟ್ಟರು. ಅದು ತಮಿಳು ಸೀಮೆಯ ಸಂಗತಿ, ನಮಗೇನು ಎಂದು ಯಾರೂ ಹೇಳದಿರಲಿ. ಸಭೆ ಬಿಟ್ಟವರು ತಮ್ಮ ಮನಸ್ಸನ್ನು ಬಹಿರಂಗವಾಗಿ ತೋರಿಸಿದರು. ನಾವು ಸಭೆಯಲ್ಲಿ ಕುಳಿತೇ ಅದನ್ನು ಕಾಪಾಡಿಕೊಳ್ಳುತ್ತೇವೆ. ಯಾವುದು ಹೆಚ್ಚಿನ ಅಗೌರವವೋ ಓದುಗರೇ ಹೇಳಲಿ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಇಲ್ಲದವರನ್ನು ಹಸಿವಿನಲ್ಲಿ ಬಿಟ್ಟಾಗ, ಅಂಥದ್ದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಬರೆದನು. ಹೊರಜಗಲಿಯಲ್ಲಿ ಕೂರಿಸಿದ ಸಹೋದರನಿಗೆ ಹಸಿವಿಗಿಂತ ಹೆಚ್ಚಿನ ನೋವಾಗುತ್ತದೆ. ಅವನು ಜಾತಿಯ ನೊಗ ತಪ್ಪಿತೆಂದು ನಂಬಿಯೇ ನಮ್ಮೊಳಗೆ ಬಂದನಷ್ಟೆ.

ಇನ್ನೊಂದು ಅಗೌರವವನ್ನು ನಮ್ಮವರಲ್ಲಿ ಕೆಲವರು ಭಕ್ತಿಯೆಂದೇ ಎಣಿಸಿದ್ದಾರೆ. ಮಾರಿಕಣಿವೆ ಎಂಬ ಹೆಸರಿನಲ್ಲಿಯೇ ಮಾರಿಯು ಇದ್ದಾಳೆ. ಕಟ್ಟೆಯ ಬಳಿ ಕಣಿವೆ ಮಾರಮ್ಮನ ಗುಡಿಯೂ ಉಂಟು. ನೆರೆಯವರು ಹರಕೆ ಹೊತ್ತು ಹೋಗುವಾಗ ಅವರ ದೇವಿಯನ್ನು ಹೀಯಾಳಿಸಿದರೆ ಕ್ರಿಸ್ತನಿಗೆ ಸಾಕ್ಷಿಕೊಟ್ಟಂತಾಯಿತೆಂದು ಅಂಥವರ ಭಾವನೆ. ಅಪೊಸ್ತಲರ ಕೃತ್ಯಗಳ ಹತ್ತೊಂಬತ್ತನೆಯ ಅಧ್ಯಾಯವನ್ನು ನೋಡಿರಿ. ಪೌಲನು ಎಫೆಸದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಬೋಧಿಸಿದನು. ವಿಗ್ರಹಗಳ ವಿಷಯದಲ್ಲಿ ತನ್ನ ಮನಸ್ಸನ್ನು ಮುಚ್ಚಿಡಲಿಲ್ಲ. ಆದರೂ ಅರ್ತೆಮೀದೇವಿಯ ಹೆಸರಿನಲ್ಲಿ ಗಲಭೆಯೆದ್ದಾಗ, ಕ್ರೈಸ್ತನಲ್ಲದ ಪಟ್ಟಣದ ಅಧಿಕಾರಿಯೇ ಎದ್ದು ನಿಂತು, ಅಲ್ಲಿಗೆ ಎಳೆತಂದಿದ್ದವರು ಗುಡಿಯ ಸೊತ್ತನ್ನು ಕದ್ದವರಲ್ಲ, ದೇವಿಯನ್ನು ಬೈದವರೂ ಅಲ್ಲವೆಂದು ಜನಸಮೂಹದ ಮುಂದೆ ಹೇಳಬೇಕಾಯಿತು. ನಮ್ಮ ಊರ ಗೌಡರು ನಮ್ಮ ವಿಷಯದಲ್ಲಿ ಹಾಗೆ ಹೇಳುವರೋ?

ಆಗಿಹೋದ ತಪ್ಪಿಗೆ ಏನು ಮಾಡತಕ್ಕದ್ದೆಂದು ಕೇಳುವವರಿಗೆ ಜಕ್ಕಾಯನೇ ಮಾದರಿ. ಅವನು ಕಣ್ಣೀರು ಸುರಿಸಿದನೆಂದು ಲೂಕನು ಬರೆದಿಲ್ಲ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದು ಎಲ್ಲರೂ ಕೇಳುವಂತೆ ಲೆಕ್ಕ ಹೇಳಿದನು. ಆದಕಾರಣ ನೀರು ತಿರುಗಿಸಿಕೊಂಡವನು ಉಪದೇಶಿಯ ಬಳಿಗೆ ಬಂದು ಪ್ರಾರ್ಥನೆ ಮಾಡಿಸುವುದಕ್ಕೆ ಮುಂಚೆ, ನಷ್ಟಪಟ್ಟವನ ಮನೆಗೆ ಹೋಗಿ ತಪ್ಪನ್ನು ಒಪ್ಪಿಕೊಂಡು, ತನ್ನ ಮುಂದಿನ ಸರದಿಯನ್ನು ಅವನಿಗೆ ಬಿಟ್ಟುಕೊಡಲಿ. ಆ ಮಾತು ನೀರುಗಂಟಿಯ ಎದುರಿನಲ್ಲಿಯೇ ಆಗಲಿ.